ಮೈಕ್ರೋಆರ್‌ಎನ್‌ಎ ರಕ್ತಪರೀಕ್ಷೆ ಮಾಡಿಸಬೇಕಾ? ಅದರ ಔಷಧ ಎಲ್ಲಿಗೆ ಬಂತು?

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ. ಎಲೆಅಡಿಕೆ ಜೊತೆ ತಂಬಾಕು ಹಾಕುವ ಅಭ್ಯಾಸ ಬಹಳ ವರ್ಷಗಳಿಂದ ಇದೆ. ಹೋದ ವರ್ಷ ಚಿಕ್ಕಪ್ಪ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಮೇಲಿಂದ ಮನೆಯಲ್ಲಿ ಎಲ್ಲರಿಗೂ ಭಯ. ರಕ್ತದಲ್ಲಿರುವ ಮೈಕ್ರೋಆರ್‌ಎನ್‌ಎ ನೋಡಿ ಹತ್ತಾರು ಬಗೆಯ ಕ್ಯಾನ್ಸರ್ ಮೊದಲೇ ಹೇಳುವ ಪರೀಕ್ಷೆ ಇದೆ ಅಂತ ಪರಿಚಯದವರೊಬ್ಬರು ಹೇಳಿದರು. ಇದಕ್ಕೆ ನೊಬೆಲ್ ಕೂಡ ಬಂದಿದೆ ಅಲ್ವಾ? ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ, ಮಾಡಿಸಬಹುದಾ? ಇದೇ ಮೈಕ್ರೋಆರ್‌ಎನ್‌ಎಯಿಂದ ಔಷಧ ಬರುತ್ತೆ ಅಂತಲೂ ಓದಿದೆ. ಅದು ಎಲ್ಲಿಗೆ ಬಂತು?

ಉತ್ತರ: ಆ ಪರೀಕ್ಷೆ ಬೇಡ. ಆ ದುಡ್ಡು ಉಳಿಸಿಕೊಳ್ಳಿ. ಕಾರಣ ಆಮೇಲೆ ಹೇಳುತ್ತೇನೆ. ಅಪ್ಪನಿಗಾಗಿ ತಡಮಾಡದೆ ಮಾಡಬೇಕಾದ ಕೆಲಸ ಎರಡಿವೆ, ಮೊದಲು ಅವು.

ಒಂದು, ಬಾಯಿ ತೋರಿಸಿ. ದಂತವೈದ್ಯರಾದರೂ ಸರಿ, ಕಿವಿ-ಮೂಗು-ಗಂಟಲಿನ ವೈದ್ಯರಾದರೂ ಸರಿ. ಒಳ್ಳೆಯ ಬೆಳಕಿನಲ್ಲಿ ಕೆನ್ನೆಯ ಒಳಭಾಗ, ನಾಲಿಗೆಯ ಬದಿ, ನಾಲಿಗೆಯ ಅಡಿ, ಒಸಡು ಎಲ್ಲವನ್ನೂ ಅವರು ನೋಡುತ್ತಾರೆ, ಬೆರಳಿನಿಂದ ಮುಟ್ಟಿಯೂ ನೋಡುತ್ತಾರೆ. ಬಿಳಿ ಅಥವಾ ಕೆಂಪು ಮಚ್ಚೆ, ವಾರಗಟ್ಟಲೆ ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇವೆಲ್ಲ ಅಲ್ಲೇ ಗೊತ್ತಾಗುತ್ತವೆ. ಇಷ್ಟು ಸುಲಭದ ಪರೀಕ್ಷೆ ಅಂತ ಹಗುರವಾಗಿ ನೋಡಬೇಡಿ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. ಅದರ ಫಲಿತಾಂಶ 2005ರಲ್ಲಿ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ನಿಮ್ಮ ಅಪ್ಪ ಸೇರುವುದು ಇದೇ ಗುಂಪಿಗೆ.

ಎರಡು, ಕರುಳು. ತೀರಿಕೊಂಡವರು ಅಪ್ಪನ ಸ್ವಂತ ತಮ್ಮ. ಒಡಹುಟ್ಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ಉಳಿದವರು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಬೇಕು ಅನ್ನುವುದು ವೈದ್ಯರು ಸಾಮಾನ್ಯವಾಗಿ ಕೊಡುವ ಸಲಹೆ. ಚಿಕ್ಕಪ್ಪನಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಗೊತ್ತಾಯಿತು ಅಂತ ವೈದ್ಯರು ಖಂಡಿತ ಕೇಳುತ್ತಾರೆ, ಹಳೆಯ ರಿಪೋರ್ಟ್ ಇದ್ದರೆ ತೆಗೆದುಕೊಂಡು ಹೋಗಿ. ಕ್ಯಾನ್ಸರ್ ಆಗುವ ಮೊದಲೇ ಕರುಳಿನ ಗೋಡೆಯಲ್ಲಿ ಪಾಲಿಪ್ ಅನ್ನುವ ಸಣ್ಣ ಗಂಟು ಬೆಳೆದಿರುತ್ತದೆ. ಕೊಲೊನೋಸ್ಕೋಪಿಯಲ್ಲಿ ಅದು ಕಂಡರೆ ಸಾಮಾನ್ಯವಾಗಿ ಅಲ್ಲೇ ತೆಗೆದುಬಿಡುತ್ತಾರೆ. ಯಾವ ರಕ್ತಪರೀಕ್ಷೆಯೂ ಈ ಕೆಲಸ ಮಾಡಲಾರದು. ತಂಬಾಕು ಬಿಡಿಸುವುದಂತೂ ಇದ್ದೇ ಇದೆ.

ಈಗ ಮೈಕ್ರೋಆರ್‌ಎನ್‌ಎ ವಿಷಯಕ್ಕೆ ಬರೋಣ. ಜೀವಕೋಶದ ಒಳಗೆ ಜೀನ್‌ಗಳ ಕೆಲಸವನ್ನು ಹದದಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕುಗಳು ಇವು. ನೊಬೆಲ್ ಬಂದಿರುವುದು ನಿಜ. 2024ರ ವೈದ್ಯಕೀಯ ನೊಬೆಲ್ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಸಿಕ್ಕಿತು. ಅವರಿಬ್ಬರೂ ಹುಡುಕುತ್ತಿದ್ದದ್ದು ಕ್ಯಾನ್ಸರನ್ನೂ ಅಲ್ಲ, ಔಷಧವನ್ನೂ ಅಲ್ಲ. ಅವರ ಮುಂದಿದ್ದದ್ದು ಒಂದು ಮಿಲಿಮೀಟರ್ ಉದ್ದದ, ಗಾಜಿನಂತೆ ಪಾರದರ್ಶಕವಾದ ಒಂದು ಹುಳು. ಅದರಲ್ಲಿ ಲಿನ್-4 ಅನ್ನುವ ಜೀನ್ ಕೆಟ್ಟರೆ ಮರಿಹುಳು ಬೆಳೆಯುವುದರ ಬದಲು ಮೊದಲ ಹಂತವನ್ನೇ ಮತ್ತೆ ಮತ್ತೆ ಮಾಡುತ್ತದೆ. ಲಿನ್-14 ಅನ್ನುವ ಇನ್ನೊಂದು ಜೀನ್ ಕೆಟ್ಟರೆ ಇದರ ಉಲ್ಟಾ, ಆ ಹಂತವೇ ತಪ್ಪಿಹೋಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಏನೋ ನಂಟಿದೆ. ಏನದು?

ಆಂಬ್ರೋಸ್ ಅವರ ಲ್ಯಾಬ್ ಲಿನ್-4 ಜೀನನ್ನು ಬೆನ್ನಟ್ಟಿತು. ಸಿಕ್ಕಿದ್ದು ವಿಚಿತ್ರ. ಆ ಜೀನ್ ಯಾವ ಪ್ರೋಟೀನನ್ನೂ ಮಾಡುತ್ತಿರಲಿಲ್ಲ. ಅದು ಮಾಡುತ್ತಿದ್ದದ್ದು ಬರೀ 22 ಅಕ್ಷರಗಳ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಅನ್ನುತ್ತಿದ್ದೇನೆ) ಒಂದು ಆರ್‌ಎನ್‌ಎ ತುಣುಕು. ಅದೇ ಮೊದಲು ಸಿಕ್ಕ ಮೈಕ್ರೋಆರ್‌ಎನ್‌ಎ. ರವ್ಕುನ್ ಅವರ ಲ್ಯಾಬಿನಲ್ಲಿ ಲಿನ್-14ರ ಅಕ್ಷರಗಳನ್ನು ಓದಿ ಮುಗಿಸಿದ್ದರು. 1992ರ ಜೂನ್‌ನಲ್ಲಿ ಇಬ್ಬರೂ ತಮ್ಮ ತಮ್ಮ ಅಕ್ಷರಸಾಲು ಹಂಚಿಕೊಂಡು, ಒಂದರ ಪಕ್ಕ ಒಂದು ಇಟ್ಟು ನೋಡಿದರು. ಆ ಪುಟ್ಟ ತುಣುಕು ಲಿನ್-14 ಜೀನಿನಿಂದ ತಯಾರಾಗುವ ಸಂದೇಶದ ಆರ್‌ಎನ್‌ಎಯ ಬಾಲಭಾಗಕ್ಕೆ ಹಲವು ಕಡೆ ಹೊಂದಿಕೊಂಡು ಕೂರುತ್ತಿತ್ತು. 1993ರ ಡಿಸೆಂಬರ್‌ನಲ್ಲಿ ಎರಡೂ ಪ್ರಬಂಧ ಒಂದೇ ಸಂಚಿಕೆಯಲ್ಲಿ ಪ್ರಕಟವಾದವು. ಹುಳುವಿನ ವಿಶೇಷ ಅಂತ ಹೆಚ್ಚಿನವರು ಸುಮ್ಮನಾದರು. 2000ರಲ್ಲಿ ರವ್ಕುನ್ ಲ್ಯಾಬಿನಿಂದಲೇ ಲೆಟ್-7 ಅನ್ನುವ ಎರಡನೆಯ ತುಣುಕು ಹೊರಬಂತು. ಅದು ಹುಳುವಿನಲ್ಲೂ ನೊಣದಲ್ಲೂ ಮನುಷ್ಯನಲ್ಲೂ ಒಂದೇ ಥರ ಇತ್ತು. ಆಗ ಎಲ್ಲರ ಕಿವಿ ನೆಟ್ಟಗಾಯಿತು.

ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡೋಣ, ಯಾಕೆಂದರೆ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಡಿಎನ್‌ಎಯಲ್ಲಿರುವ ಜೀನಿನಿಂದ ಮೊದಲು ಸಂದೇಶದ ಆರ್‌ಎನ್‌ಎ ತಯಾರಾಗುತ್ತದೆ. ಅದನ್ನು ಓದಿ ಜೀವಕೋಶ ಪ್ರೋಟೀನ್ ಮಾಡುತ್ತದೆ. ಮೈಕ್ರೋಆರ್‌ಎನ್‌ಎ ಹುಟ್ಟುವಾಗ ಉದ್ದವಾಗಿ, ಹೇರ್‌ಪಿನ್ ಥರ ಮಡಚಿಕೊಂಡಿರುತ್ತದೆ. ಡ್ರೋಶಾ, ಆಮೇಲೆ ಡೈಸರ್ ಅನ್ನುವ ಎರಡು ಕಿಣ್ವಗಳು ಅದನ್ನು ಕತ್ತರಿಸಿ ಸುಮಾರು 22 ಅಕ್ಷರಕ್ಕೆ ಇಳಿಸುತ್ತವೆ. ಆ ತುಣುಕನ್ನು ಆರ್ಗೊನಾಟ್ ಅನ್ನುವ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಇಬ್ಬರೂ ಜೊತೆಯಾಗಿ ಹೋಗಿ, ತಮಗೆ ಹೊಂದುವ ಅಕ್ಷರಗಳು ಯಾವ ಸಂದೇಶದಲ್ಲಿವೆಯೋ ಅದರ ಮೇಲೆ ಕೂರುತ್ತಾರೆ. ಆ ಸಂದೇಶದಿಂದ ಪ್ರೋಟೀನ್ ತಯಾರಾಗುವುದು ಕಡಿಮೆಯಾಗುತ್ತದೆ. ಗಮನಿಸಿ, ಕಡಿಮೆಯಾಗುತ್ತದೆ ಅಷ್ಟೇ, ಪೂರ್ತಿ ನಿಲ್ಲುವುದಿಲ್ಲ. ಇದು ಸ್ವಿಚ್ ಅಲ್ಲ, ಫ್ಯಾನಿನ ರೆಗ್ಯುಲೇಟರ್. ಹೆಚ್ಚಿನ ಸಲ ಪ್ರೋಟೀನಿನ ಪ್ರಮಾಣ ಅರ್ಧಕ್ಕೂ ಇಳಿಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಆ 22 ಅಕ್ಷರವೂ ಹೊಂದಬೇಕಾಗಿಲ್ಲ. ಶುರುವಿನ ಏಳೆಂಟು ಅಕ್ಷರ ಹೊಂದಿದರೆ ಸಾಕು, ತುಣುಕು ಕೂರುತ್ತದೆ. ಏಳು ಅಕ್ಷರದ ಹೊಂದಾಣಿಕೆ ಎಷ್ಟು ಕಡೆ ಸಿಗಬಹುದು, ಯೋಚಿಸಿ. ಒಂದೊಂದು ಮೈಕ್ರೋಆರ್‌ಎನ್‌ಎಗೆ ನೂರಾರು ಜೀನ್‌ಗಳು ಸಿಕ್ಕಿಬಿಡುತ್ತವೆ. ಪ್ರೋಟೀನ್ ಮಾಡುವ ನಮ್ಮ ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಯಾವುದಾದರೂ ಒಂದು ಮೈಕ್ರೋಆರ್‌ಎನ್‌ಎ ಹಿಡಿತದಲ್ಲಿವೆ. ಮನುಷ್ಯರಲ್ಲಿ ಇವು ಒಟ್ಟು ಎಷ್ಟು ಅನ್ನುವುದರಲ್ಲೂ ಜಗಳವಿದೆ. ಮಿರ್‌ಬೇಸ್ ಅನ್ನುವ ಪಟ್ಟಿಯಲ್ಲಿ 1,917 ಇವೆ. ಕಟ್ಟುನಿಟ್ಟಾಗಿ ಸೋಸಿದರೆ ಐನೂರರ ಆಸುಪಾಸು ಉಳಿಯುತ್ತವೆ. ನನ್ನ ಮಟ್ಟಿಗೆ ಆ ಚಿಕ್ಕ ಪಟ್ಟಿಯೇ ನಂಬಿಕೆಗೆ ಹತ್ತಿರ.

ಇಷ್ಟು ಸಣ್ಣ ವಸ್ತುವಿನಿಂದ ಕಾಯಿಲೆ ಬರುತ್ತಾ? ಬರುತ್ತೆ. ಮಿರ್-96 ಅನ್ನುವ ಮೈಕ್ರೋಆರ್‌ಎನ್‌ಎಯ (ಇವುಗಳ ಹೆಸರೆಲ್ಲ ‘ಮಿರ್’ ಮತ್ತು ಒಂದು ಸಂಖ್ಯೆ) ಶುರುವಿನ ಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಮನುಷ್ಯನಿಗೆ ಬರಬರುತ್ತಾ ಕಿವಿ ಕೇಳದಂತಾಗುತ್ತದೆ. ಸ್ಪೇನ್‌ನ ಎರಡು ಕುಟುಂಬಗಳಲ್ಲಿ ಇದು 2009ರಲ್ಲಿ ಗೊತ್ತಾಯಿತು. ಕ್ಯಾನ್ಸರ್ ನಂಟು ಅದಕ್ಕಿಂತ ಮೊದಲೇ, 2002ರಲ್ಲಿ ಸಿಕ್ಕಿತ್ತು. ವಯಸ್ಸಾದವರಿಗೆ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ 13ನೇ ಕ್ರೋಮೋಸೋಮಿನ ಒಂದು ಚೂರು ಆಗಾಗ ಕಾಣೆಯಾಗಿರುತ್ತದೆ. ಅಲ್ಲಿ ಯಾವ ಜೀನ್ ಕಳೆದುಹೋಗಿದೆ ಅಂತ ವರ್ಷಗಟ್ಟಲೆ ಹುಡುಕಿದರೂ ಸಿಕ್ಕಿರಲಿಲ್ಲ. ಕಾರ್ಲೊ ಕ್ರೋಚೆ ಮತ್ತು ಜಾರ್ಜ್ ಕಾಲಿನ್ ಅವರ ತಂಡ ಅಲ್ಲಿ ಎರಡು ಮೈಕ್ರೋಆರ್‌ಎನ್‌ಎ ಕಂಡಿತು, ಮಿರ್-15 ಮತ್ತು ಮಿರ್-16. ಅವು ಇಲ್ಲದಿದ್ದರೆ ಬಿಸಿಎಲ್-2 ಅನ್ನುವ ಪ್ರೋಟೀನ್ ಜಾಸ್ತಿಯಾಗಿ, ಸಾಯಬೇಕಾದ ಜೀವಕೋಶ ಸಾಯುವುದಿಲ್ಲ. ಇದೇ ಕ್ಯಾನ್ಸರ್‌ಗೆ ಈಗ ಕೊಡುವ ವೆನೆಟೊಕ್ಲಾಕ್ಸ್ ಮಾತ್ರೆ ತಡೆಯುವುದು ಇದೇ ಬಿಸಿಎಲ್-2 ಅನ್ನು. ಮಾತ್ರೆ ಬೇರೆ ದಾರಿಯಿಂದ ಬಂದದ್ದು, ಆದರೆ ಎರಡೂ ಒಂದೇ ಜಾಗಕ್ಕೆ ಬೆರಳು ತೋರಿಸಿದವು.

ಹಾಗಾದರೆ ರಕ್ತಪರೀಕ್ಷೆಗೆ ಯಾಕೆ ಬೇಡ ಅಂದೆ? ಆಸೆ ಹುಟ್ಟಿಸಿದ ಸಂಗತಿ ನಿಜವೇ. ಸಾಮಾನ್ಯವಾಗಿ ಆರ್‌ಎನ್‌ಎ ರಕ್ತದಲ್ಲಿ ಉಳಿಯುವುದಿಲ್ಲ, ಕ್ಷಣದಲ್ಲಿ ಪುಡಿಯಾಗುತ್ತದೆ. ಆದರೆ 2008ರಲ್ಲಿ ಅಮೆರಿಕದ ತಂಡವೊಂದು ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವದಲ್ಲಿ, ಮೈಕ್ರೋಆರ್‌ಎನ್‌ಎ ಗಟ್ಟಿಯಾಗಿ ಉಳಿದಿರುವುದನ್ನು ತೋರಿಸಿತು. ಕೆಲವು ಆರ್ಗೊನಾಟ್ ಪ್ರೋಟೀನಿನ ಜೊತೆ ಅಂಟಿಕೊಂಡಿರುತ್ತವೆ, ಕೆಲವು ಪುಟ್ಟ ಕೊಬ್ಬಿನ ಚೀಲಗಳ ಒಳಗೆ ಇರುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದವರ ರಕ್ತದಲ್ಲಿ ಮಿರ್-141 ಜಾಸ್ತಿ ಇದ್ದದ್ದೂ ಅದೇ ಅಧ್ಯಯನದಲ್ಲಿ ಕಂಡಿತು. ಅಲ್ಲಿಂದ ಮುಂದೆ ಪ್ರಬಂಧಗಳ ಹೊಳೆಯೇ ಹರಿಯಿತು. ಪ್ರತಿ ಕ್ಯಾನ್ಸರ್‌ಗೂ ಒಂದೊಂದು ಪಟ್ಟಿ. ತೊಂದರೆ ಏನೆಂದರೆ, ಒಂದು ತಂಡದ ಪಟ್ಟಿಗೂ ಇನ್ನೊಂದು ತಂಡದ ಪಟ್ಟಿಗೂ ತಾಳೆಯಾಗುತ್ತಿರಲಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ರಕ್ತ ತೆಗೆಯುವ ಜಾಗಕ್ಕೆ ಹೋಗಬೇಕು. ತೋಳಿಗೆ ಪಟ್ಟಿ ಕಟ್ಟಿ ಬಹಳ ಹೊತ್ತು ಬಿಟ್ಟರು, ತೆಳು ಸೂಜಿಯಿಂದ ಜೋರಾಗಿ ಎಳೆದರು, ಟ್ಯೂಬನ್ನು ಅಲ್ಲಾಡಿಸಿದರು, ಲ್ಯಾಬಿಗೆ ಕಳಿಸಲು ತಡವಾಯಿತು. ಇಷ್ಟಕ್ಕೇ ಒಂದಿಷ್ಟು ಕೆಂಪು ರಕ್ತಕಣ ಒಡೆಯುತ್ತವೆ. ತಿಳಿಹಳದಿ ಇರಬೇಕಾದ ಪ್ಲಾಸ್ಮಾಗೆ ಸ್ವಲ್ಪ ಗುಲಾಬಿ ಬಣ್ಣ ಬರುತ್ತದೆ, ಕೆಲವು ಸಲ ಕಣ್ಣಿಗೆ ಕಾಣುವಷ್ಟೂ ಬರುವುದಿಲ್ಲ. ಕೆಂಪು ಕಣದ ಒಳಗೆ ಮಿರ್-451 ಮತ್ತು ಮಿರ್-16 ತುಂಬಿಕೊಂಡಿರುತ್ತವೆ. ಕಣ ಒಡೆದರೆ ಅವೆಲ್ಲ ಹೊರಗೆ. ರಿಪೋರ್ಟಿನಲ್ಲಿ ‘ಮಿರ್-451 ಏರಿದೆ’ ಅಂತ ಬರುತ್ತದೆ. ಕಾಯಿಲೆ ಏನೂ ಇಲ್ಲ, ಸೂಜಿಯ ಕೆಲಸ ಅದು. ಇನ್ನೂ ಬೇಜಾರಿನ ಸಂಗತಿ ಅಂದರೆ, ಎಷ್ಟೋ ಅಧ್ಯಯನಗಳಲ್ಲಿ ಉಳಿದೆಲ್ಲವನ್ನೂ ಅಳೆಯಲು ಆಧಾರವಾಗಿ ಇಟ್ಟುಕೊಂಡದ್ದು ಇದೇ ಮಿರ್-16 ಅನ್ನು. ಆಧಾರವೇ ಅಲುಗಾಡಿದರೆ ಅಳತೆಗೆ ಏನು ಬೆಲೆ?

ಈಗ ಒಳ್ಳೆಯ ಲ್ಯಾಬುಗಳು ಇದನ್ನು ಪರೀಕ್ಷಿಸಿಕೊಳ್ಳುತ್ತವೆ. ಕೆಂಪು ಕಣ ಒಡೆದರೂ ಅಷ್ಟಾಗಿ ಬದಲಾಗದ ಮಿರ್-23ಎ ಅನ್ನುವುದನ್ನು ಮಿರ್-451 ಜೊತೆ ಹೋಲಿಸುತ್ತಾರೆ. ಇವುಗಳ ಪ್ರಮಾಣ ಅಳೆಯುವ ಪಿಸಿಆರ್ ಯಂತ್ರದಲ್ಲಿ ಇವೆರಡರ ನಡುವೆ ಏಳಕ್ಕಿಂತ ಜಾಸ್ತಿ ಸುತ್ತಿನ ಅಂತರ ಬಂದರೆ ಆ ಮಾದರಿಯನ್ನು ಬದಿಗಿಡುತ್ತಾರೆ. ಪ್ರತಿ ಸುತ್ತಿಗೆ ಪ್ರಮಾಣ ಇಮ್ಮಡಿ, ಹಾಗಾಗಿ ಏಳು ಸುತ್ತು ಅಂದರೆ 128 ಪಟ್ಟು. ಪ್ಲಾಸ್ಮಾ ಬದಲು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ತೆಗೆದುಕೊಂಡರೆ ಬೇರೆ ಸಮಸ್ಯೆ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮಲ್ಲಿದ್ದ ಮೈಕ್ರೋಆರ್‌ಎನ್‌ಎ ಬಿಟ್ಟುಬಿಡುತ್ತವೆ. ರಕ್ತದಲ್ಲಿ ತೇಲುವ ಮೈಕ್ರೋಆರ್‌ಎನ್‌ಎಯಲ್ಲಿ ದೊಡ್ಡ ಪಾಲು ಬರುವುದೇ ರಕ್ತಕಣಗಳಿಂದ. ಸಣ್ಣ ಗಡ್ಡೆಯೊಂದು ಬಿಟ್ಟ ಚೂರುಗಳನ್ನು ಈ ಗದ್ದಲದ ನಡುವೆ ಹುಡುಕಬೇಕು.

ಹುಡುಕಿದರೂ ಅದು ಯಾವ ಕಾಯಿಲೆಯದು ಅಂತ ಹೇಳುವುದು ಕಷ್ಟ. ಮಿರ್-21 ಅನ್ನೇ ತೆಗೆದುಕೊಳ್ಳಿ. ಕ್ಯಾನ್ಸರ್ ಪರೀಕ್ಷೆಗಳ ಪಟ್ಟಿಯಲ್ಲಿ ಇದು ಇಲ್ಲದೇ ಇರುವುದೇ ಅಪರೂಪ. 2021ರಲ್ಲಿ ಇಬ್ಬರು ಸಂಶೋಧಕರು ಹಳೆಯ ಪ್ರಬಂಧಗಳನ್ನೆಲ್ಲ ಕೂಡಿಹಾಕಿ ನೋಡಿದರು. ಈ ಒಂದೇ ಮೈಕ್ರೋಆರ್‌ಎನ್‌ಎಯನ್ನು 29 ಬೇರೆ ಬೇರೆ ಕಾಯಿಲೆಗಳ ಗುರುತು ಅಂತ ಹೇಳಲಾಗಿತ್ತು. ಅದರಲ್ಲಿ ಕ್ಯಾನ್ಸರ್ ಅಲ್ಲದ ಕಾಯಿಲೆಗಳೂ ಇದ್ದವು. ದೇಹದಲ್ಲಿ ಎಲ್ಲಾದರೂ ಉರಿಯೂತವಿದ್ದರೆ ಮಿರ್-21 ಏರಬಹುದು. 61 ವರ್ಷದವರಿಗೆ ಮಂಡಿನೋವು, ಸಕ್ಕರೆ ಕಾಯಿಲೆ, ಹಲ್ಲಿನ ಸೋಂಕು, ಏನಾದರೊಂದು ಇದ್ದೇ ಇರುತ್ತದೆ ಅಲ್ವಾ?

ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ಯಾವ ಕಂಪನಿಯ ಪರೀಕ್ಷೆಯದೂ ಅಲ್ಲ. ಅಪ್ಪನ ವಯಸ್ಸಿನ, ಯಾವ ತೊಂದರೆಯೂ ಕಾಣದ 10,000 ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ 100 ಜನರಿಗೆ ಗೊತ್ತಿಲ್ಲದಂತೆ ಕ್ಯಾನ್ಸರ್ ಇದೆ. ಪರೀಕ್ಷೆ ತುಂಬ ಚೆನ್ನಾಗಿದೆ, 100ರಲ್ಲಿ 90 ಜನರನ್ನು ಹಿಡಿಯುತ್ತದೆ. ಆರೋಗ್ಯವಂತರಲ್ಲಿ 100ಕ್ಕೆ 5 ಜನರಿಗೆ ಮಾತ್ರ ಸುಳ್ಳು ಪಾಸಿಟಿವ್ ಕೊಡುತ್ತದೆ. ಕೇಳಲು ಅದ್ಭುತ. ಆದರೆ ಆರೋಗ್ಯವಂತರು 9,900 ಜನ ಇದ್ದಾರೆ. ಅವರಲ್ಲಿ ಶೇ. 5 ಅಂದರೆ 495. ಪಾಸಿಟಿವ್ ಬಂದವರು ಒಟ್ಟು 585, ನಿಜವಾಗಿ ಕ್ಯಾನ್ಸರ್ ಇರುವವರು 90. ಉಳಿದ 495 ಮನೆಗಳಲ್ಲಿ ನಿದ್ದೆಯಿಲ್ಲ. ಸ್ಕ್ಯಾನ್ ಮೇಲೆ ಸ್ಕ್ಯಾನ್, ಬಯಾಪ್ಸಿ, ಸಾಲ. ಹತ್ತಾರು ಕ್ಯಾನ್ಸರ್‌ಗೆ ಒಂದೇ ಪರೀಕ್ಷೆ ಅಂದಾಗ ಎಲ್ಲಿ ಹುಡುಕಬೇಕು ಅನ್ನುವುದೂ ಸುಲಭವಾಗಿರುವುದಿಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನೆಗೆಟಿವ್ ಬಂದರೆ ಅಪ್ಪ ‘ನನಗೇನೂ ಇಲ್ಲ’ ಅಂತ ಬಾಯಿಯನ್ನೂ ತೋರಿಸುವುದಿಲ್ಲ, ಕೊಲೊನೋಸ್ಕೋಪಿಗೂ ಬರುವುದಿಲ್ಲ, ತಂಬಾಕನ್ನೂ ಬಿಡುವುದಿಲ್ಲ. ಆರೋಗ್ಯವಂತರಿಗೆ ಮೈಕ್ರೋಆರ್‌ಎನ್‌ಎ ರಕ್ತಪರೀಕ್ಷೆ ಮಾಡಿ ಕ್ಯಾನ್ಸರ್ ಸಾವು ಕಡಿಮೆ ಮಾಡಿದ ಪುರಾವೆ ಇದುವರೆಗೆ ಇಲ್ಲ.

ಆದರೆ ಈ ಪರೀಕ್ಷೆಗಳೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ತುಂಬ ಚೆನ್ನಾಗಿ ಕೆಲಸ ಮಾಡುವ ಒಂದು ಉದಾಹರಣೆ ಇದೆ. ಯಾಕೆ ಕೆಲಸ ಮಾಡುತ್ತದೆ ಅನ್ನುವುದೂ ಸ್ಪಷ್ಟವಾಗಿದೆ. ಅದು ವೃಷಣದ ಕ್ಯಾನ್ಸರ್. ಇದು ಹೆಚ್ಚಾಗಿ ಬರುವುದು 20ರಿಂದ 40ರ ವಯಸ್ಸಿನ ಗಂಡಸರಿಗೆ. ಇವರಿಗೆ ವೈದ್ಯರು ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಅನ್ನುವ ಮೂರು ರಕ್ತಪರೀಕ್ಷೆ ಮಾಡಿಸುತ್ತಾರೆ. ಎಷ್ಟೋ ಜನರಲ್ಲಿ ಗಡ್ಡೆ ಇದ್ದರೂ ಈ ಮೂರೂ ನಾರ್ಮಲ್ ಇರುತ್ತವೆ. ಮಿರ್-371 ಹಾಗಲ್ಲ. ಗರ್ಭದಲ್ಲಿ ಭ್ರೂಣ ಇನ್ನೂ ಶುರುವಿನ ಹಂತದಲ್ಲಿರುವಾಗ ಅದರ ಜೀವಕೋಶಗಳು ಇದನ್ನು ಮಾಡುತ್ತವೆ. ಆಮೇಲೆ ಆ ಜೀನ್ ಮುಚ್ಚಿಕೊಳ್ಳುತ್ತದೆ. ಬೆಳೆದ ಗಂಡಸಿನ ರಕ್ತದಲ್ಲಿ ಇದು ಹೆಚ್ಚುಕಡಿಮೆ ಇರುವುದೇ ಇಲ್ಲ. ವೃಷಣದ ಗಡ್ಡೆಯ ಜೀವಕೋಶ ಭ್ರೂಣದ ಹಂತಕ್ಕೆ ಮರಳಿದಂತೆ ವರ್ತಿಸುತ್ತದೆ, ಮುಚ್ಚಿದ ಜೀನ್ ಮತ್ತೆ ತೆರೆಯುತ್ತದೆ. ಹಾಗಾಗಿ ರಕ್ತದಲ್ಲಿ ಅದು ಕಂಡಿತು ಅಂದರೆ ಬಂದ ಜಾಗದ ಬಗ್ಗೆ ಹೆಚ್ಚು ಅನುಮಾನವಿಲ್ಲ.

2019ರಲ್ಲಿ ಜರ್ಮನಿಯ ಕ್ಲಾಸ್-ಪೀಟರ್ ಡೀಕ್‌ಮನ್ ಅವರ ತಂಡ 616 ರೋಗಿಗಳ ಫಲಿತಾಂಶ ಪ್ರಕಟಿಸಿತು. ಈ ಒಂದೇ ಮೈಕ್ರೋಆರ್‌ಎನ್‌ಎ ಶೇ. 90.1 ರೋಗಿಗಳನ್ನು ಹಿಡಿಯಿತು. ಆರೋಗ್ಯವಂತರಲ್ಲಿ ಶೇ. 94 ಜನರಿಗೆ ಸರಿಯಾಗಿ ‘ಇಲ್ಲ’ ಅಂದಿತು. ಆಪರೇಷನ್ ಆಗಿ ಗಡ್ಡೆ ಹೋದ ಕೂಡಲೇ ರಕ್ತದಲ್ಲಿ ಇದರ ಪ್ರಮಾಣ ಬೇಗ ಇಳಿಯುತ್ತದೆ, ಕಾಯಿಲೆ ಮರಳಿದರೆ ಮತ್ತೆ ಏರುತ್ತದೆ. ಪದೇ ಪದೇ ಸಿಟಿ ಸ್ಕ್ಯಾನ್ ಮಾಡಿಸಿಕೊಳ್ಳಬೇಕಾದ ಯುವಕರಿಗೆ ಇದು ದೊಡ್ಡ ಉಪಕಾರ ಆಗಬಹುದು. ಟೆರಾಟೋಮಾ ಅನ್ನುವ ಒಂದು ಬಗೆಯ ಗಡ್ಡೆಯಲ್ಲಿ ಮಾತ್ರ ಇದು ಸುಮ್ಮನಿರುತ್ತದೆ, ಆ ಮಿತಿ ವೈದ್ಯರಿಗೆ ಗೊತ್ತಿದೆ. ಇಲ್ಲೂ ಪರೀಕ್ಷೆ ಮಾಡುವುದು ಬೀದಿಯಲ್ಲಿ ಹೋಗುವ ಎಲ್ಲ ಗಂಡಸರಿಗಲ್ಲ. ವೃಷಣದಲ್ಲಿ ಗಂಟು ಸಿಕ್ಕವರಿಗೆ ಮತ್ತು ಈಗಾಗಲೇ ಚಿಕಿತ್ಸೆ ಆದವರಿಗೆ. ಕೇಳುವ ಪ್ರಶ್ನೆ ಒಂದೇ, ಪರೀಕ್ಷೆ ಮಾಡಿಸುವ ಜನ ಕಡಿಮೆ, ಅಳೆಯುವ ವಸ್ತು ಬೇರೆಲ್ಲೂ ಇಲ್ಲದ್ದು. ನಿಮಗೆ ಯಾರಾದರೂ ಮೈಕ್ರೋಆರ್‌ಎನ್‌ಎ ಪರೀಕ್ಷೆ ಹೇಳಿದರೆ ಈ ಮೂರೂ ಇದೆಯಾ ಅಂತ ಕೇಳಿ.

ಔಷಧದ ಕಡೆಯೂ ಕಥೆ ಹೀಗೇ ಇದೆ. ಅಲ್ಲಿ ಎರಡು ದಾರಿ. ಜಾಸ್ತಿಯಾಗಿ ತೊಂದರೆ ಕೊಡುವ ಮೈಕ್ರೋಆರ್‌ಎನ್‌ಎಗೆ ಉಲ್ಟಾ ಅಕ್ಷರಗಳ ತುಣುಕು ಕೊಟ್ಟು ಅದನ್ನು ಕಟ್ಟಿಹಾಕುವುದು ಒಂದು. ಕಡಿಮೆಯಾದದ್ದನ್ನು ಹೊರಗಿನಿಂದ ತುಂಬುವುದು ಇನ್ನೊಂದು.

ಮೊದಲ ದಾರಿಯ ಒಳ್ಳೆಯ ಪ್ರಯತ್ನ ಹೆಪಟೈಟಿಸ್ ಸಿ ಮೇಲೆ ನಡೆಯಿತು. ಲಿವರಿನಲ್ಲಿರುವ ಮೈಕ್ರೋಆರ್‌ಎನ್‌ಎಯಲ್ಲಿ ಸುಮಾರು ಶೇ. 70 ಭಾಗ ಒಂದೇ, ಮಿರ್-122. ಬೇರೆ ಅಂಗಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. 2005ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಪೀಟರ್ ಸಾರ್ನೋ ಅವರ ಲ್ಯಾಬ್ ಒಂದು ಆಶ್ಚರ್ಯ ಕಂಡಿತು. ಹೆಪಟೈಟಿಸ್ ಸಿ ವೈರಸ್ ಬದುಕಲು ಇದೇ ಮಿರ್-122 ಬೇಕು. ವೈರಸ್‌ನ ಆರ್‌ಎನ್‌ಎ ತುದಿಯ ಮೇಲೆ ಎರಡು ಕಡೆ ಇದು ಕೂರುತ್ತದೆ, ಕೂತು ಅದನ್ನು ಅಡಗಿಸುವ ಬದಲು ಪುಡಿಯಾಗದಂತೆ ಕಾಪಾಡುತ್ತದೆ. ಅಂದರೆ ವೈರಸ್ ನಮ್ಮದೇ ವಸ್ತುವನ್ನು ತನ್ನ ರಕ್ಷಣೆಗೆ ಬಳಸಿಕೊಂಡಿದೆ. ಮಿರ್-122 ಕಟ್ಟಿಹಾಕಿದರೆ ವೈರಸ್ ಬಯಲಿಗೆ ಬೀಳಬೇಕು.

ಬಿದ್ದಿತು ಕೂಡ. ಡೆನ್ಮಾರ್ಕ್‌ನ ಸಾಂತಾರಿಸ್ ಕಂಪನಿ ಮಿರಾವಿರ್ಸೆನ್ ಅನ್ನುವ 15 ಅಕ್ಷರದ ತುಣುಕು ಮಾಡಿತು. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 36 ರೋಗಿಗಳಿದ್ದರು. ವಾರಕ್ಕೊಂದರಂತೆ ಚರ್ಮದ ಕೆಳಗೆ ಐದು ಇಂಜೆಕ್ಷನ್. ಹೆಚ್ಚು ಡೋಸ್ ಪಡೆದವರಲ್ಲಿ ವೈರಸ್ ಸರಾಸರಿ ಸಾವಿರ ಪಟ್ಟು ಇಳಿಯಿತು. ಐದು ಜನರಲ್ಲಿ ಪ್ರಯೋಗದ ಅವಧಿಯಲ್ಲಿ ವೈರಸ್ ಕಾಣದಷ್ಟಾಯಿತು. ಮೈಕ್ರೋಆರ್‌ಎನ್‌ಎಯನ್ನು ಗುರಿಯಾಗಿಟ್ಟು ಮನುಷ್ಯರಲ್ಲಿ ಗುಣ ತೋರಿಸಿದ ಮೊದಲ ಔಷಧ ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಮಾತ್ರೆಗೆ ಅನುಮತಿ ಸಿಕ್ಕಿತು. ಈ ಬಗೆಯ ಮಾತ್ರೆ ಬೇರೆ ಮಾತ್ರೆಗಳ ಜೊತೆ ಮೂರು ತಿಂಗಳು ತಗೊಂಡರೆ ಹೆಚ್ಚಿನವರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಇಂಜೆಕ್ಷನ್ ಯಾರಿಗೆ ಬೇಕು? ಇದರ ಜೊತೆಗೆ ಒಂದು ಎಚ್ಚರಿಕೆಯೂ ಇತ್ತು. ಮಿರ್-122 ಇಲ್ಲದಂತೆ ಮಾಡಿದ ಇಲಿಗಳಿಗೆ ಕೊನೆಗೆ ಲಿವರ್ ಕ್ಯಾನ್ಸರ್ ಬಂದಿತ್ತು. ಇದೇ ಗುರಿಯ ಆರ್‌ಜಿ-101 ಅನ್ನುವ ಇನ್ನೊಂದು ಔಷಧದಲ್ಲಿ ಕೆಲವರಿಗೆ ಕಾಮಾಲೆ ಕಾಣಿಸಿಕೊಂಡು, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಯೋಗ ತಡೆಹಿಡಿಯಿತು. ಮುಂದಿನ ವರ್ಷ ಕಂಪನಿ ಅದನ್ನು ಕೈಬಿಟ್ಟಿತು.

ಎರಡನೆಯ ದಾರಿಯಲ್ಲಿ ಆದದ್ದು ನೋವಿನ ಸಂಗತಿ. ಮಿರ್-34 ಕ್ಯಾನ್ಸರ್ ತಡೆಯುವ ಮೈಕ್ರೋಆರ್‌ಎನ್‌ಎ, ಹಲವು ಗಡ್ಡೆಗಳಲ್ಲಿ ಅದು ಕಡಿಮೆಯಾಗಿರುತ್ತದೆ. ಅದರ ನಕಲು ಮಾಡಿ, ಕೊಬ್ಬಿನ ಕಣದಲ್ಲಿಟ್ಟು, ರಕ್ತನಾಳದ ಮೂಲಕ ರೋಗಿಗಳಿಗೆ ಕೊಟ್ಟರು. ಎಂಆರ್‌ಎಕ್ಸ್34 ಅಂತ ಅದರ ಹೆಸರು. 85 ರೋಗಿಗಳು ಸೇರಿದ್ದರು, ಎಲ್ಲರೂ ಬೇರೆ ಚಿಕಿತ್ಸೆ ಮುಗಿಸಿ ಬಂದವರು. ಮೂವರಲ್ಲಿ ಗಡ್ಡೆ ಸ್ಪಷ್ಟವಾಗಿ ಕುಗ್ಗಿತು. ಆದರೆ ಕೆಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿ ನಾಲ್ಕು ಜನ ತೀರಿಕೊಂಡರು. 2016ರ ಸೆಪ್ಟೆಂಬರ್‌ನಲ್ಲಿ ಪ್ರಯೋಗ ನಿಲ್ಲಿಸಿದರು. ತಪ್ಪು ಕೊಬ್ಬಿನ ಕಣದ್ದೋ, ಆರ್‌ಎನ್‌ಎಯದ್ದೋ, ಮಿರ್-34 ಮುಟ್ಟುವ ನೂರಾರು ಜೀನ್‌ಗಳಲ್ಲಿ ಯಾವುದಾದರೊಂದರದ್ದೋ ಅಂತ ಬಿಡಿಸಿ ಹೇಳುವುದು ಕಷ್ಟ. ನೂರಾರು ಜೀನ್ ಒಟ್ಟಿಗೆ ಮುಟ್ಟುತ್ತದೆ ಅನ್ನುವುದನ್ನೇ ಆ ಕಾಲದಲ್ಲಿ ಬಹಳ ಜನ ಇದರ ಬಲ ಅಂತ ಬರೆಯುತ್ತಿದ್ದರು. ಇಡೀ ದೇಹಕ್ಕೆ ಹರಿಸುವ ಔಷಧದಲ್ಲಿ ಅದು ಬಲವಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಿಡ್ನಿಯ ವಿಷಯದಲ್ಲಿ ನನಗೆ ಹೆಚ್ಚು ಭರವಸೆ. ಅನುವಂಶಿಕವಾಗಿ ಬರುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯಲ್ಲಿ ಕಿಡ್ನಿ ತುಂಬ ನೀರಿನ ಗುಳ್ಳೆಗಳು ಬೆಳೆಯುತ್ತವೆ. ಪಿಕೆಡಿ-1 ಅಥವಾ ಪಿಕೆಡಿ-2 ಜೀನಿನ ಒಂದು ಪ್ರತಿ ಕೆಟ್ಟಿರುವುದು ಕಾರಣ. ಇನ್ನೊಂದು ಪ್ರತಿ ಚೆನ್ನಾಗಿಯೇ ಇರುತ್ತದೆ, ಆದರೆ ಮಿರ್-17 ಅದನ್ನು ಅಡಗಿಸುತ್ತಿರುತ್ತದೆ. ಮಿರ್-17 ಕಟ್ಟಿಹಾಕಿದರೆ ಒಳ್ಳೆಯ ಪ್ರತಿಯಿಂದ ಪ್ರೋಟೀನ್ ಜಾಸ್ತಿ ಬರುತ್ತದೆ. ಕಾಯಿಲೆಯ ಬೇರಿಗೇ ಸಂಬಂಧಪಟ್ಟ ಕೆಲಸ ಇದು, ಔಷಧ ಕಿಡ್ನಿಯಲ್ಲಿ ಹೆಚ್ಚಾಗಿ ಸೇರುವಂತೆಯೂ ಮಾಡಿದ್ದಾರೆ. ಫರಾಬುರ್ಸೆನ್ ಅನ್ನುವ ಆ ಔಷಧ ಮಾಡಿದ ರೆಗ್ಯುಲಸ್ ಕಂಪನಿಯನ್ನು 2025ರಲ್ಲಿ ನೊವಾರ್ಟಿಸ್ ಕೊಂಡುಕೊಂಡಿತು. ಹೃದಯ ವೈಫಲ್ಯಕ್ಕೆ ಮಿರ್-132 ತಡೆಯುವ ಔಷಧ ಮಾಡಿದ ಜರ್ಮನಿಯ ಕಾರ್ಡಿಯರ್ ಕಂಪನಿಯನ್ನು ಅದರ ಹಿಂದಿನ ವರ್ಷ ನೋವೊ ನಾರ್ಡಿಸ್ಕ್ ತೆಗೆದುಕೊಂಡಿತ್ತು. ದೊಡ್ಡ ಕಂಪನಿ ಕೊಂಡಿತು ಅಂದ ಮಾತ್ರಕ್ಕೆ ಔಷಧ ಗೆಲ್ಲುತ್ತದೆ ಅಂತೇನಿಲ್ಲ. ಆಲ್ಪೋರ್ಟ್ ಅನ್ನುವ ಇನ್ನೊಂದು ಕಿಡ್ನಿ ಕಾಯಿಲೆಗೆ ಮಿರ್-21 ತಡೆಯುವ ಔಷಧ ದೊಡ್ಡ ಕಂಪನಿಯ ಕೈಯಲ್ಲೇ ಇತ್ತು. ಪ್ರಯೋಜನ ಕಾಣದೆ 2022ರಲ್ಲಿ ನಿಂತುಹೋಯಿತು.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಮೈಕ್ರೋಆರ್‌ಎನ್‌ಎಯನ್ನು ಗುರಿಯಾಗಿಸಿದ ಯಾವ ಔಷಧಕ್ಕೂ ಇದುವರೆಗೆ ಅನುಮತಿ ಸಿಕ್ಕಿಲ್ಲ. ಕ್ಯಾನ್ಸರ್‌ಗಂತೂ ಹತ್ತಿರದಲ್ಲಿ ಯಾವುದೂ ಕಾಣುತ್ತಿಲ್ಲ. ‘ಆರ್‌ಎನ್‌ಎ ಇಂಜೆಕ್ಷನ್ ಈಗಲೇ ಇದೆಯಲ್ಲ’ ಅಂತ ಯಾರಾದರೂ ಅಂದರೆ ಅವರು ಹೇಳುತ್ತಿರುವುದು ಬೇರೆಯದನ್ನು. ಕೊಲೆಸ್ಟ್ರಾಲ್ ಇಳಿಸಲು ಆರು ತಿಂಗಳಿಗೊಮ್ಮೆ ಕೊಡುವ ಇನ್‌ಕ್ಲಿಸಿರಾನ್ ಆ ಗುಂಪಿನದು. ಅದಕ್ಕೆ 2020ರಲ್ಲಿ ಯುರೋಪಿನಲ್ಲಿ, 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೂ ಆರ್ಗೊನಾಟ್ ಪ್ರೋಟೀನನ್ನೇ ಬಳಸುತ್ತದೆ. ಆದರೆ ಅದರ ಅಕ್ಷರಗಳು ಉದ್ದಕ್ಕೂ ಒಂದೇ ಜೀನಿಗೆ ಹೊಂದುವಂತೆ ಮಾಡಿರುತ್ತಾರೆ, ಲಿವರಿಗೆ ಮಾತ್ರ ಹೋಗುವಂತೆ ಒಂದು ಸಕ್ಕರೆಯ ಅಂಶ ಕಟ್ಟಿರುತ್ತಾರೆ. ಹಾಗೆ ಒಂದೇ ಜೀನ್, ಒಂದೇ ಅಂಗ ಅಂತ ಬಿಗಿಹಿಡಿದದ್ದಕ್ಕೇ ಅದು ಔಷಧದಂಗಡಿಯವರೆಗೆ ಬಂತು. ಮೈಕ್ರೋಆರ್‌ಎನ್‌ಎ ಔಷಧ ಮಾಡುವವರೂ ಈಗ ಹಾಗೆಯೇ ಒಂದು ಕಾಯಿಲೆ, ಒಂದು ಅಂಗ ಅಂತ ಹಿಡಿದು ಹೊರಟಿದ್ದಾರೆ.